ಕಸಬು ಬದಲಿಸುವ ನಿಯಮ

ನಿವೃತ್ತಿಯಾದ ಮೇಲೆ ಒಂದು ದಿನ ರೇಷನ್ ಕಾರ್ಡಿನಲ್ಲಿ ವಿಳಾಸ ಬದಲಿಸಲಿಕ್ಕೆ ಗೋಕಾಕದ ಸೇವಾ ಕೇಂದ್ರಕ್ಕೆ ಹೋಗಿದ್ದೆ. ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಹೆಸರು, ವಯಸ್ಸು ಎಲ್ಲ ಕೇಳಿ, "ಉದ್ಯೋಗ ಏನ್ ಹಾಕ್ಲಿರಿ ಅಮ್ಮಾರ?" ಅಂದಳು.

"ಆಟದ ನಿಯಮ ಬರೀತಿದ್ದೆ."

"ಯಾವ ಆಟಾರಿ? ಕಬಡ್ಡೀನಾ?"

"ಅಲ್ಲವ್ವಾ, ಕಥಿ ಆಟ. ಅದರಾಗ ಯಾವ ಪಾತ್ರಕ್ಕ ಯಾವ ಕಸಬ, ಆ ಕಸಬಿನವ್ರು ಏನ್ ಮಾಡಬಹುದು, ಏನ್ ಮಾಡಾಕ ಬರಂಗಿಲ್ಲ, ಅದನ್ನ ಬರೀತಿದ್ದೆ."

ಆಕೆ ನನ್ನ ಮುಖ ಒಮ್ಮೆ, ನನ್ನ ಹಿಂದಿನ ಸಾಲು ಒಮ್ಮೆ ನೋಡಿ "ಮನೆಗೆಲಸ" ಎಂದು ಒತ್ತಿದಳು. ನಾನು ಬಿಡಲಿಲ್ಲ. ಅದನ್ನು ಅಳಿಸಿ "ನಿವೃತ್ತ ನೌಕರರು" ಎಂದು ಹಾಕಿಸಿದೆ. ಹಿಂದೆ ನಿಂತವರು ಗೊಣಗಿದರು, ಗೊಣಗಲಿ. ಊರ ಮಂದಿಯ ಕಸಬುಗಳನ್ನೆಲ್ಲ ಬರೆದವಳು ನನ್ನದನ್ನೇ ತಪ್ಪು ಬರೆಸಿಕೊಂಡು ಮನೆಗೆ ಹೋಗಲು ಮನಸ್ಸಾಗಲಿಲ್ಲ.

ನಾನು ಬಿಟ್ಟು ಬಂದ ಮೇಜಿಗೆ ಈಗ ಇಬ್ಬರು ಹುಡುಗಿಯರು ಬಂದಿದ್ದಾರೆ. ಇಬ್ಬರೂ ಜಾಣೆಯರು. ಈ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳು ಅವರಿಗೆ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮಾಡಿದ್ದರಲ್ಲಿ ಸರಿಯಾದದ್ದು ಆಟದ ನಿಯಮದ ಪುಸ್ತಕದಲ್ಲೇ ಇದೆ, ಓದಿಕೊಳ್ಳಬಹುದು.

ನಮ್ಮದು ಮೂಡಲಗಿ. ಅಪ್ಪ ಪೇಟೆಯಲ್ಲಿ ಹಮಾಲ. ಅಡತಿ ಅಂಗಡಿಗಳಿಗೆ ಬರುವ ಬೆಲ್ಲ, ಜೋಳ, ಶೇಂಗಾದ ಚೀಲ ಹೊರುತ್ತಿದ್ದ. ನಾವಿಬ್ಬರು ಹೆಣ್ಣುಮಕ್ಕಳು, ಅಕ್ಕ ಶಾಂತಾ ಮತ್ತು ನಾನು. ನಾನು ಐದನೇ ಇಯತ್ತೆಯಲ್ಲಿದ್ದಾಗ ಅವ್ವ ಹಾಸಿಗೆ ಹಿಡಿದಳು. ಮನೆ ನೋಡಲು, ಕೂಲಿಗೆ ಹೋಗಲು ಇಬ್ಬರಲ್ಲಿ ಒಬ್ಬರು ಸಾಲಿ ಬಿಡಬೇಕಾಯಿತು. ಅಪ್ಪ ಯಾರನ್ನೂ ಬಿಡಿಸಲಿಲ್ಲ. ಏಳನೇ ಇಯತ್ತೆಯಲ್ಲಿದ್ದ ಶಾಂತಕ್ಕ ತಾನೇ ಮಾಸ್ತರರ ಹತ್ತಿರ ಹೋಗಿ, "ಕಮ್ಲಿ ಲೆಕ್ಕದಾಗ ಶಾಣ್ಯಾ ಅದಾಳ್ರಿ, ಆಕಿ ಬರ್ತಾಳ. ನನ್ನ ಹೆಸರ ಹೊಡೀರಿ" ಎಂದು ಹೇಳಿ ಬಂದಳು. ಮರುದಿನದಿಂದ ಕಬ್ಬಿನ ಹೊಲದಲ್ಲಿ ಕಸ ತೆಗೆಯಲು ಹೋದಳು. ಸಾಲಿಯಲ್ಲಿ ಆಕೆಗೆ ಮಾಸ್ತರಕಿ ಆಗುವ ಆಸೆ ಇತ್ತು. ಸಣ್ಣ ಹುಡುಗರನ್ನು ಕಟ್ಟೆಯ ಮೇಲೆ ಸಾಲಾಗಿ ಕೂಡಿಸಿ ಮಗ್ಗಿ ಹೇಳಿಸುತ್ತಿದ್ದಳು. ಆಮೇಲೆ ಹೇಳಿಸಲಿಲ್ಲ.

ನಾನು ಮೂಡಲಗಿಯಿಂದ ಗೋಕಾಕಕ್ಕೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬಿ.ಎ. ಮುಗಿಸಿದೆ. ಎರಡನೇ ದರ್ಜೆ. ನಮ್ಮ ಮನೆತನದಲ್ಲಿ ಪದವಿ ಎಂಬುದು ಅದೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ಮೂರು ಜನರ ಬೆವರು ಅದರಲ್ಲಿದೆ.

ಗೋಕಾಕದಲ್ಲಿ ಮರದ ಗೊಂಬೆ ಮಾಡುವ ಒಂದು ಸಣ್ಣ ಕಾರ್ಖಾನೆಗೆ ಸೇರಿದೆ. ಡಬ್ಬಿಗಳ ಮೇಲೆ ಅಂಟಿಸುವ ಚೀಟಿ ಬರೆಯುವುದು ಮೊದಲ ಕೆಲಸ. ಮಾಲೀಕರು ಅಣ್ಣಾಸಾಹೇಬರು. ನಾವು ಸಾವಕಾರ್ರ ಅನ್ನುತ್ತಿದ್ದೆವು. ಕೆಲವು ವರ್ಷಗಳಾದ ಮೇಲೆ ಅವರು ಪುಣೆಯಲ್ಲಿ ಒಂದು ಹೊಸ ಬಗೆಯ ಆಟ ನೋಡಿ ಬಂದರು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಮಾತಿನಲ್ಲೇ ಕಥೆ ನಡೆಸುವುದು. ಒಬ್ಬರು ಸೂತ್ರಧಾರ, "ಹೊಳೆ ಏರುತ್ತಿದೆ, ನೀವು ಏನು ಮಾಡುತ್ತೀರಿ?" ಎಂದು ಕೇಳುವವರು. ಉಳಿದವರು ಸರದಿಯಂತೆ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳಿ ದಾಳ ಉರುಳಿಸಬೇಕು. ಕೆಲಸ ಆಯಿತೋ ಕೆಟ್ಟಿತೋ ದಾಳ ಹೇಳುತ್ತದೆ. ಹೊರಗಿನ ಆಟದಲ್ಲಿ ಕತ್ತಿ ಹಿಡಿದ ವೀರರು, ಮಾಟಗಾರರು ಇದ್ದರಂತೆ. ಸಾವಕಾರರು, "ನಮಗ ಅದ ಬ್ಯಾಡ. ನಮ್ಮಲ್ಲಿ ಗೊಂಬಿ ಅದಾವು, ಕುಂಬಾರ, ಕಮ್ಮಾರ, ಸಿಂಪಿಗ, ವೈದ್ಯ. ಅವರನ್ನ ಇಟಗೊಂಡು ಹೊಳೀದಂಡಿ ಊರಿನ ಆಟ ಮಾಡೂಣು. ಕಮಲಾಬಾಯಿ, ನೀವು ಬಿ.ಎ. ಆದಾಕಿ, ಕಸಬಿನ ಪಾಠ ನೀವು ಬರೀರಿ" ಎಂದರು. ಬಿ.ಎ.ದಲ್ಲಿ ಅದನ್ನು ಕಲಿಸಿರಲಿಲ್ಲ.

ಒಂದು ಕಸಬಿಗೆ ಒಂದು ಹಾಳೆ. ಬಲ ಎಷ್ಟು, ಬುದ್ಧಿ ಎಷ್ಟು ಎಂದು ಒಂದರಿಂದ ಆರರವರೆಗೆ ಅಂಕಿ. ಕೆಳಗೆ ಆ ಕಸಬಿನವರು ಮಾಡಬಲ್ಲ ಕೆಲಸಗಳು. ನಾನು ಮೊದಲು ಬರೆದದ್ದು ವೈದ್ಯನ ಹಾಳೆ. ವೈದ್ಯನಿಗೆ ಗಿಡಮೂಲಿಕೆ ಗೊತ್ತು, ಓದು ಗೊತ್ತು, ಎಲ್ಲರ ಮನೆಯೊಳಗೆ ಪ್ರವೇಶ ಉಂಟು, ಮಾತಿಗೆ ಮರ್ಯಾದೆ ಉಂಟು. ಕುಂಬಾರನ ಹಾಳೆಗೆ ಬರುವಷ್ಟರಲ್ಲಿ ನನ್ನ ಹತ್ತಿರ ಉಳಿದದ್ದು "ಗಡಿಗೆ ಮಾಡುತ್ತಾನೆ" ಎಂಬುದೊಂದೇ. ಪರೀಕ್ಷೆಗೆಂದು ಕಾರ್ಖಾನೆಯ ಐವರನ್ನು ಕೂಡಿಸಿದೆವು. ನಾಲ್ವರು ವೈದ್ಯರಾದರು. ಕುಂಬಾರನಾದವರು ಗೊಂಬೆ ಕೆತ್ತುವ ನಮ್ಮ ಹಿರಿಯ ಚಿತ್ರಗಾರ ಮಾನಪ್ಪ. ಎರಡು ತಾಸು ಸುಮ್ಮನೆ ಕೂತು, ನಡುವೆ ಎದ್ದು ಎಲ್ಲರಿಗೂ ಚಹಾ ಮಾಡಿ ತಂದರು. ಕೊನೆಗೆ ನನಗೆ ಅಂದರು: "ಛಲೋ ಆಟ ಬರದೀರಿ ಬಾಯಾರ. ಕುಂಬಾರಗ ಚಹಾ ಮಾಡೂ ಕೆಲಸ ಒಂದ ಮರತೀರಿ, ಅದನ್ನೂ ಬರಕೋರಿ."

ಹುಡುಗಿಯರೇ, ಒಬ್ಬ ಆಟಗಾರ ಎದ್ದು ಚಹಾ ಮಾಡಲು ಹೋದರೆ ನಿಮ್ಮ ನಿಯಮ ಕೆಟ್ಟಿದೆ ಎಂದು ತಿಳಿಯಿರಿ. ಬೇರೆ ಪರೀಕ್ಷೆ ಬೇಕಿಲ್ಲ. ಅಂದಿನಿಂದ ಪ್ರತಿ ಕಸಬಿಗೂ ಬೇರೆ ಯಾರಿಗೂ ಬಾರದ ಒಂದು ಕೆಲಸ ಇರಲೇಬೇಕು ಎಂದು ಮಾಡಿಕೊಂಡೆ. ಕುಂಬಾರನಿಗೆ ಮಣ್ಣು ಗೊತ್ತು. ಯಾವ ದಂಡೆ ಕುಸಿಯುತ್ತದೆ, ಯಾವುದು ನಿಲ್ಲುತ್ತದೆ ಎಂದು ಹೊಳೆ ಏರಿದಾಗ ಅವನೊಬ್ಬನೇ ಹೇಳಬಲ್ಲ. ಮುಂದಿನ ಪರೀಕ್ಷೆಯಲ್ಲಿ ವೈದ್ಯರೆಲ್ಲ ಮಾನಪ್ಪನವರ ಹಿಂದೆ ಬಿದ್ದರು. ಅವರು ಚಹಾ ಬೇರೆಯವರಿಂದ ತರಿಸಿಕೊಂಡರು.

ಆದರೂ ನನಗೆ ಬುದ್ಧಿ ಬರಲಿಲ್ಲ. ಹಮಾಲನ ಹಾಳೆ ಬರೆದೆ. ಬಲ ಐದು, ಬುದ್ಧಿ ಒಂದು. ಬರೆದು ಮುಂದಿನ ಹಾಳೆ ಎತ್ತಿಕೊಂಡೆ. ಗೊಂಬೆಯೂ ಹಾಗೇ ಇತ್ತು, ಬಾಗಿದ ಬೆನ್ನು, ಮುಖ ನೆಲಕ್ಕೆ.

ಆ ವಾರ ಅಪ್ಪ ಕಣ್ಣು ತೋರಿಸಲು ಗೋಕಾಕಕ್ಕೆ ಬಂದಿದ್ದ. ಕಾರ್ಖಾನೆಯಲ್ಲಿ ನನಗಾಗಿ ಕಾಯುತ್ತಿದ್ದವನನ್ನು ಸಾವಕಾರರು, "ಬರ್ರಿ ಕಾಕಾ, ಒಂದ ಜನಾ ಕಡಿಮಿ ಬಿದ್ದೈತಿ" ಎಂದು ಮೇಜಿಗೆ ಕೂಡಿಸಿದರು. ಅಪ್ಪನಿಗೆ ಓದು ಬಾರದು. ಗೊಂಬೆ ನೋಡಿ ಹಮಾಲನನ್ನೇ ಎತ್ತಿಕೊಂಡ. ಮಾನಪ್ಪ ಹಾಳೆ ಓದಿ ಹೇಳಿದರು.

"ಬುದ್ಧಿ ಒಂದು?" ಅಪ್ಪ ಕೇಳಿದ.

"ಒಂದು ಅಂತ ಬರದಾರ್ರಿ."

"ಯಾರ ಬರದಾರು?"

ಮಾನಪ್ಪ ನನ್ನ ಕಡೆ ನೋಡಿದರು. ನಾನೇ, "ನಾ ಬರದೇನಪಾ" ಅಂದೆ.

ಅಪ್ಪ ಸಿಟ್ಟಾಗಲಿಲ್ಲ. ಗೊಂಬೆಯನ್ನು ಕೈಯಲ್ಲಿ ತಿರುಗಿಸುತ್ತ ಅಂದ: "ಚೀಲ ಹೆಗಲಿಗೆ ಬಂದ ಕೂಡ್ಲೆ ಒಳಗ ಏನೈತಿ ಅಂತ ಗೊತ್ತಾಕ್ಕೈತವ್ವಾ. ಬೆಲ್ಲ ಹಸೀ ಐತೋ, ಜ್ವಾಳದಾಗ ಕಲ್ಲ ಕೂಡಸ್ಯಾರೋ, ಶೇಂಗಾ ಹ್ವಾದ ವರ್ಸದ್ದೋ. ಅಂಗಡಿ ಸಾವಕಾರ ಬಿಚ್ಚಿ ನೋಡಬೇಕು. ನಮಗ ಬಿಚ್ಚೂದ ಬ್ಯಾಡ. ಮತ್ತ ಹಮಾಲ ನೆಲಾ ನೋಡಕೋತ ನಡಿಯಂಗಿಲ್ಲ. ನೆಲಾ ನೋಡಿದ್ರ ಕುತ್ತಿಗಿ ಮುರೀತೈತಿ. ಮುಂದ ನೋಡಬೇಕು."

ಮರುದಿನ ರಜೆ ಹಾಕಿ ಮೂಡಲಗಿ ಪೇಟೆಯಲ್ಲಿ ಅಪ್ಪನ ಜೊತೆ ಇಡೀ ದಿನ ಕೂತೆ. ಹುಟ್ಟಿದಾಗಿನಿಂದ ಕಂಡ ಕೆಲಸ, ಅಂದು ಮೊದಲ ಸಲ ನೋಡಿದೆ. ಹಾಳೆ ಹರಿದು ಹೊಸದಾಗಿ ಬರೆದೆ: ಮುಚ್ಚಿದ ಯಾವ ಚೀಲವನ್ನಾದರೂ ಹಮಾಲ ಎತ್ತಿ ಒಳಗೇನಿದೆ ಎಂದು ಹೇಳಬಲ್ಲ, ದಾಳ ಬೇಕಿಲ್ಲ. ಪೇಟೆಯ ಪ್ರತಿ ಅಂಗಡಿಯ ಹಿಂಬಾಗಿಲು ಅವನಿಗೆ ಗೊತ್ತು. ಬುದ್ಧಿ ನಾಲ್ಕು. ಮಾನಪ್ಪ ಕುತ್ತಿಗೆ ನೆಟ್ಟಗಿರುವ ಹೊಸ ಗೊಂಬೆ ಕೆತ್ತಿದರು. ನಮ್ಮ ಆಟದಲ್ಲಿ ಇಂದಿಗೂ ಮಂದಿ ತಮಗೇ ಬರಲಿ ಎಂದು ಆಸೆಪಡುವ ಹಾಳೆ ಅದು.

ಆಮೇಲೆ ಯಾವ ಕಸಬು ಬರೆದರೂ ಮೊದಲು ಆ ಕಸಬಿನವರ ಹತ್ತಿರ ಒಂದು ದಿನ ಕೂತೆ. ಎಲ್ಲ ಕಡೆ ಸುಲಭವಿರಲಿಲ್ಲ. ಹುಕ್ಕೇರಿಯಲ್ಲಿ ಒಬ್ಬ ಕ್ಷೌರದಂಗಡಿಯವರು ಕೈಮುಗಿದರು: "ಬಾಯಾರ, ನೀವು ಇಲ್ಲಿ ಕುಂತ್ರ ಗಿರಾಕಿ ಒಳಗ ಬರಂಗಿಲ್ರಿ. ಬಂದ್ರೂ ಬಾಯಿ ಬಿಡಂಗಿಲ್ಲ. ಬಾಯಿ ಬಿಡಲಿಲ್ಲಂದ್ರ ನಮಗ ಕ್ಷೌರ ಮಾಡಿಧಂಗ ಅನಸಂಗಿಲ್ಲ." ಅಷ್ಟು ಸಾಕಾಯಿತು. ಕ್ಷೌರಿಕ ಯಾವ ಊರಿಗೆ ಹೋದರೂ ಸೂತ್ರಧಾರನಿಗೆ ಒಂದು ಪ್ರಶ್ನೆ ಕೇಳಬಹುದು, ಸೂತ್ರಧಾರ ಸುಳ್ಳು ಹೇಳುವಂತಿಲ್ಲ ಎಂದು ಬರೆದೆ.

ಈಗ ಹುಡುಗಿಯರು ಕಂಪ್ಯೂಟರನ್ನೇ ಕೇಳುತ್ತಾರೆ. ಅದು ಚಣದಲ್ಲಿ ನೂರು ಕಸಬಿನ ಪಟ್ಟಿ ಕೊಡುತ್ತದೆ, ಕಾಗುಣಿತವೂ ನನಗಿಂತ ಚೊಕ್ಕ. ನಾನು ಬೇಡವೆನ್ನುವುದಿಲ್ಲ. ಪಟ್ಟಿ ತೆಗೆದುಕೊಂಡು ಬಸ್ಸು ಹತ್ತಿರಿ, ಅಷ್ಟೇ.

ಇನ್ನು ದೊಡ್ಡ ತಪ್ಪಿನ ಮಾತು.

ಹೊಸ ಆಟಗಾರರಿಗೆ ಕಸಬು ಆರಿಸಲು ಬಹಳ ಹೊತ್ತು ಹಿಡಿಯುತ್ತಿತ್ತು. ಸಾವಕಾರರಿಗೆ ತಾಳ್ಮೆ ಕಡಿಮೆ, ಕಾಲು ಅಲುಗಾಡಿಸುತ್ತ, ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತ, "ಕಮಲಾಬಾಯಿ, ಇವರು ಆಟ ಆಡಾಕ ಬಂದಾರೋ ಕನ್ಯಾ ನೋಡಾಕ ಬಂದಾರೋ" ಎನ್ನುತ್ತಿದ್ದರು. ನಾನು ಒಂದು ಉಪಾಯ ಮಾಡಿದೆ. ಒಂದು ಪಟ್ಟಿ. ದಾಳ ಉರುಳಿಸಿದರೆ ಪಾತ್ರದ ಅಪ್ಪನ ಕಸಬು ಯಾವುದೆಂದು ಬರುತ್ತದೆ. ಪಾತ್ರಕ್ಕೂ ಅದೇ ಕಸಬು, ಕಥೆ ಮುಗಿಯುವವರೆಗೆ. ಒಂದೇ ದಾಳ, ಕೆಲಸ ಮುಗಿಯಿತು. ಎಲ್ಲರೂ ಒಪ್ಪಿದರು. ಎಷ್ಟೋ ಸಲ ಪರೀಕ್ಷೆ ಮಾಡಿದೆವು. ಗೋಕಾಕದವರು, ಘಟಪ್ರಭಾದವರು, ಕಾಲೇಜಿನವರು ಆಡಿದರು. ಒಬ್ಬರೂ ತಕರಾರು ತೆಗೆಯಲಿಲ್ಲ. ನಾವೆಲ್ಲ ಕಂಡ ಊರು ಹಾಗೇ ಇತ್ತಲ್ಲ, ತಕರಾರು ಎಲ್ಲಿಂದ ಬರಬೇಕು.

ಪುಸ್ತಕ ಅಚ್ಚಿಗೆ ಹೋಗುವ ಮುಂಚಿನ ಶನಿವಾರ ಕಣಗಲಾಕ್ಕೆ ಹೋದೆ. ಶಾಂತಕ್ಕನನ್ನು ಅಲ್ಲಿಗೆ ಕೊಟ್ಟಿದ್ದರು. ಭಾವ ಸಂಕೇಶ್ವರದ ಕಡೆ ಕೆಲಸಕ್ಕೆ ಹೋಗುತ್ತಿದ್ದರು, ಮನೆ ಚೆನ್ನಾಗಿಯೇ ನಡೆಯುತ್ತಿತ್ತು. ಚೀಲದಲ್ಲಿ ಪುಸ್ತಕದ ಕೊನೆಯ ಕರಡು, ಗೊಂಬೆಗಳು ಇದ್ದವು. ಮಧ್ಯಾಹ್ನ ಊಟವಾದ ಮೇಲೆ ಅಕ್ಕ, ಆಕೆಯ ನೆಗೆಣ್ಣಿ, ನೆರೆಮನೆಯ ಇಬ್ಬರು ಹೆಂಗಸರು ಸೇರಿ ಪಡಸಾಲೆಯಲ್ಲಿ ಕೂತೆವು. ನಾನು ಸೂತ್ರಧಾರಿಣಿ. ಅಕ್ಕ ದಾಳ ಹಾಕಿದಳು. ಹಮಾಲನ ಮಗಳು ಬಂತು. ಇಬ್ಬರೂ ನಕ್ಕೆವು.

ಆಟ ಅರ್ಧಕ್ಕೆ ಬಂದಿತ್ತು. ಕಥೆಯೊಳಗಿನ ಊರಲ್ಲಿ ಸಾಲಿಯ ಮಾಸ್ತರರು ಬಿಟ್ಟು ಹೋಗಿದ್ದರು. ಅಕ್ಕ ತನ್ನ ಸರದಿ ಬಂದಾಗ ಅಂದಳು: "ನನ್ನ ಪಾತ್ರಕ್ಕ ಮಾಸ್ತರಕಿ ಆಗಬೇಕಂತೈತಿ. ಏನ್ ಮಾಡಬೇಕು?"

"ಅದಕ್ಕ ನಿಯಮ ಇಲ್ಲಕ್ಕಾ."

"ಇಲ್ಲಂದ್ರ?"

"ಅಪ್ಪನ ಕಸಬ ಏನೈತಿ ಅದ ಮಗಳ ಕಸಬ. ಬದಲ ಆಗಾಕ ಬರಂಗಿಲ್ಲ."

ಅಕ್ಕ ದಾಳವನ್ನು ಚಾಪೆಯ ಮೇಲೆ ಇಟ್ಟಳು. "ಎಟ್ಟ ದಾಳ ಬಿದ್ರೂ?"

"ಎಟ್ಟ ಬಿದ್ರೂ."

"ಹಂಗಾದ್ರ ನೀ ಯಾವ ಹಾಳ್ಯಾಗಿಂದ ಬಂದೀಯ ಕಮ್ಲೀ?"

ಅಕ್ಕ ದನಿ ಏರಿಸಲಿಲ್ಲ. "ನಿನ್ನ ಪುಸ್ತಕದಾಗ ನೀನ ಇಲ್ಲ. ನಾ ಸಾಲೀ ಬಿಟ್ಟಿದ್ದೂ ಇಲ್ಲ. ಮತ್ತ ನಾ ಬಿಟ್ಟಿದ್ದ ಯಾತಕ್ಕ?" ಎಂದು ಎದ್ದು ಎಮ್ಮೆಗೆ ನೀರು ಕುಡಿಸಲು ಹೋದಳು.

ಮಾನಪ್ಪ ಚಹಾ ಮಾಡಲು ಎದ್ದದ್ದು ನೆನಪಾಯಿತು. ಇದು ಅದಕ್ಕಿಂತ ಕೆಟ್ಟದ್ದು.

ಮರುದಿನ ಬೆಳಿಗ್ಗೆ ಕಣಗಲಾದಿಂದ ಸಂಕೇಶ್ವರಕ್ಕೆ, ಅಲ್ಲಿಂದ ಹುಕ್ಕೇರಿ ದಾಟಿ ಗೋಕಾಕಕ್ಕೆ ಬಸ್ಸು ಹಿಡಿದು ಬಂದು ನೆಟ್ಟಗೆ ಸಾವಕಾರರ ಮನೆಗೆ ಹೋದೆ. ಪುಸ್ತಕ ನಿಲ್ಲಿಸಬೇಕು ಎಂದೆ.

"ನಾಳೆ ಕೊಲ್ಲಾಪುರಕ್ಕ ಅಚ್ಚಿಗೆ ಕೊಡೂದೈತಿ. ಈಗ ಹೇಳ್ತೀರಿ?"

"ಈಗ ಗೊತ್ತಾತ್ರಿ."

"ಆಟ ಐತಿ ಕಮಲಾಬಾಯಿ. ಊರಾಗ ಹೆಂಗೈತಿ ಹಂಗ ಬರದೀರಿ, ತಪ್ಪೇನೈತಿ?"

"ಊರಾಗ ನಾನೂ ಅದೇನಿ ಅಲ್ರಿ ಸಾವಕಾರ್ರ."

ಅವರು ಶೇಂಗಾ ತಿನ್ನುವುದನ್ನು ನಿಲ್ಲಿಸಿದರು. ಆಮೇಲೆ ಅವರು ಹೇಳಿದ ಮಾತು ಮಾತ್ರ ಸರಿಯಾಗಿತ್ತು: "ಬದಲ ಮಾಡೂದು ಸಸ್ತಾ ಮಾಡಿದ್ರ ಮತ್ತ ಎಲ್ಲಾರೂ ವೈದ್ಯ ಆಗ್ತಾರ. ತುಟ್ಟಿ ಮಾಡಿದ್ರ ಯಾರೂ ಆಗಂಗಿಲ್ಲ. ಮೂರ ದಿನಾ ಕೊಡ್ತೇನಿ. ಒಂದ ಪುಟದಾಗ ಹಿಡಿಬೇಕು, ಮೇಜಿನ ಮ್ಯಾಲ ನಡೀಬೇಕು. ಆಗಲಿಲ್ಲಂದ್ರ ಇದ್ದಂಗ ಅಚ್ಚಿಗೆ ಹೋಗ್ತೈತಿ."

ಎರಡು ದಿನ ಬರೆದದ್ದೆಲ್ಲ ಕಸದ ಬುಟ್ಟಿಗೆ ಹೋಯಿತು. ಆರು ಬಿದ್ದರೆ ಕಸಬು ಬದಲು ಎಂದು ಮಾಡಿದೆ, ಅದು ಲಾಟರಿಯಾಯಿತು. ಬುದ್ಧಿ ಐದಿದ್ದವರು ಬದಲಾಗಬಹುದು ಎಂದೆ. ಹಾಗಾದರೆ ಅಕ್ಕನಿಗೆ ಬುದ್ಧಿ ಕಡಿಮೆ ಇತ್ತೇ? ಅದನ್ನೂ ಹರಿದೆ. ಮೂರನೇ ದಿನ ಬರೆಯುವುದನ್ನು ಬಿಟ್ಟು, ನಮ್ಮ ಮನೆಯಲ್ಲಿ ನಿಜವಾಗಿ ಆದದ್ದೇನು ಎಂದು ನನ್ನನ್ನೇ ಕೇಳಿಕೊಂಡೆ. ಆಮೇಲೆ ಅರ್ಧ ತಾಸೂ ಹಿಡಿಯಲಿಲ್ಲ. ನಿಯಮ ಇದು:

ಕಸಬು ಬದಲಿಸಬೇಕೆನ್ನುವ ಪಾತ್ರ ಮೂರು ಸುತ್ತು ಕಲಿಯಬೇಕು. ಆ ಮೂರೂ ಸುತ್ತು ಮೇಜಿನಲ್ಲಿರುವ ಇನ್ನೊಬ್ಬರು ತಮ್ಮ ಸರದಿಯನ್ನು ಅವರಿಗೆ ಬಿಟ್ಟುಕೊಡಬೇಕು. ಬಾಯಿಬಿಟ್ಟು ಕೇಳಬೇಕು, ಒತ್ತಾಯವಿಲ್ಲ. ಕೊಟ್ಟವರ ಹೆಸರನ್ನು ಹೊಸ ಹಾಳೆಯ ಮೇಲ್ತುದಿಯಲ್ಲಿ ಬರೆಯಬೇಕು. ಅದನ್ನು ಅಳಿಸುವಂತಿಲ್ಲ.

ಸಾವಕಾರರು ಅಲ್ಲೇ ಪರೀಕ್ಷೆಗೆ ಕೂಡಿಸಿದರು. ನಾನು ಹಮಾಲನ ಮಗಳು. "ನನಗ ಮಾಸ್ತರಕಿ ಆಗಬೇಕಂತೈತಿ. ಯಾರರ ಸರದಿ ಕೊಡ್ತೀರೇನು?" ಎಂದು ಕೇಳಿದೆ. ಎಲ್ಲರೂ ತಮ್ಮ ತಮ್ಮ ಹಾಳೆ ನೋಡಿಕೊಂಡರು. ಮೂರು ಸುತ್ತು ಸುಮ್ಮನೆ ಕೂಡುವುದು ಯಾರಿಗೆ ಬೇಕು? ನಿಯಮ ಸತ್ತಿತು ಎಂದುಕೊಂಡೆ. ಆಗ ಮಾನಪ್ಪ, "ನಂದು ತಗೋರಿ" ಅಂದರು. ಅವರ ಕುಂಬಾರ ದಂಡೆ ಕಟ್ಟುವ ಹೊತ್ತು ಅದು, ಆಟವೆಲ್ಲ ಅವರ ಕೈಯಲ್ಲಿತ್ತು.

"ಯಾಕ ಕೊಟ್ರಿ ಮಾನಪ್ಪಾ?" ಸಾವಕಾರರು ಕೇಳಿದರು.

"ಕೇಳಿದ್ರಲ್ರಿ, ಕೊಟ್ಟೆ."

ಸಾವಕಾರರು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಅವರ ಕೆಂಪು ಪೆನ್ಸಿಲ್ ಮುಟ್ಟದೆ ಹೋದ ನನ್ನ ಪುಟ ಅದೊಂದೇ. ಅಚ್ಚು ಒಂದು ವಾರ ತಡವಾಯಿತು. ಅಂಗಡಿಯವರ ಬೈಗುಳವನ್ನು ಅವರೇ ಫೋನಿನಲ್ಲಿ ಕೇಳಿಸಿಕೊಂಡರು, ನನಗೆ ಕೊಡಲಿಲ್ಲ.

ಪುಸ್ತಕ ಹೊರಬಂದ ಮೇಲೆ ಬಂದ ಪತ್ರಗಳಲ್ಲಿ ಒಂದೇ ಪ್ರಶ್ನೆ: ಸರದಿ ಕೊಟ್ಟವರಿಗೆ ಏನು ಸಿಗುತ್ತದೆ? ಬಲ ಒಂದು ಹೆಚ್ಚಿಸಿ, ಏನಾದರೂ ಬಹುಮಾನ ಕೊಡಿ ಎಂದರು. ಮುದ್ರಣ ಬದಲಾದಾಗಲೆಲ್ಲ ಸಾವಕಾರರೂ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಬರೆಯಲಿಲ್ಲ. ನಿಯಮದ ಪುಟದಲ್ಲಿ ಆ ಉತ್ತರದ ಜಾಗ ಇಂದಿಗೂ ಖಾಲಿ.

ಅಪ್ಪ ತೀರಿಕೊಂಡು ವರ್ಷಗಳಾದವು. ನೆಟ್ಟಗೆ ನಿಂತ ಹಮಾಲನ ಆ ಮೊದಲ ಗೊಂಬೆ ನನ್ನ ಮನೆಯ ಟಿ.ವಿ. ಮೇಲಿದೆ. ಸಾವಕಾರರಿಗೆ ಈಗ ಕಿವಿ ಮಂದ, ಶೇಂಗಾ ಬಿಟ್ಟಿಲ್ಲ.

ಹೋದ ತಿಂಗಳು ಶಾಂತಕ್ಕ ನಾಲ್ಕು ದಿನ ಇರಲು ಗೋಕಾಕಕ್ಕೆ ಬಂದಿದ್ದಳು. ಆ ಇಬ್ಬರು ಹುಡುಗಿಯರೂ ಹೊಸ ಮುದ್ರಣದ ಕರಡು ಹಿಡಿದುಕೊಂಡು ಭಾನುವಾರ ನನ್ನ ಮನೆಗೆ ಬಂದರು. ಅವರದೂ ಅದೇ ಪ್ರಶ್ನೆ: "ಮೇಡಂ, ಈ ಸಲ ಆ ಖಾಲಿ ಜಾಗ ತುಂಬೂಣ್ರಿ?" ಮೊದಲು ಆಡೋಣ ಎಂದೆ. ಒಬ್ಬಳು ಸೂತ್ರಧಾರಿಣಿಯಾದಳು. ಅಕ್ಕ ಈ ಸಲ ದಾಳ ಹಾಕಲಿಲ್ಲ, ಹಮಾಲನ ಹಾಳೆಯನ್ನು ತಾನೇ ಎತ್ತಿಕೊಂಡಳು. ನಾನು ಕ್ಷೌರಿಕನ ಹಾಳೆ ಹಿಡಿದೆ. ಇನ್ನೊಬ್ಬ ಹುಡುಗಿ ವೈದ್ಯೆ. ಎರಡು ಸುತ್ತು ಆದ ಮೇಲೆ ಅಕ್ಕ ಕನ್ನಡಕ ಸರಿಮಾಡಿಕೊಂಡು ಅಂದಳು: "ನನಗ ಮಾಸ್ತರಕಿ ಆಗಬೇಕಂತೈತಿ. ಯಾರರ ಸರದಿ ಕೊಡ್ತೀರೇನು?"

"ನಂದು ತಗೋ" ಅಂದೆ.

ನಿಯಮ ಬರೆದವಳು ನಾನು. ಆದರೆ ಅದುವರೆಗೆ ಒಮ್ಮೆಯೂ ನಾನು ಸರದಿ ಕೊಟ್ಟಿರಲಿಲ್ಲ. ಮೂರು ಸುತ್ತು ಬಾಯಿಗೆ ಬಂದ ಮಾತು ನುಂಗಿ ಕೂತೆ. ಕೇಳಬೇಕಾದ ಪ್ರಶ್ನೆ ಇತ್ತು, ಕೇಳಲಿಲ್ಲ. ಮಾಡಲು ಏನೂ ಇಲ್ಲದ್ದರಿಂದ ಅಕ್ಕನನ್ನು ನೋಡುತ್ತ ಕೂತೆ. ಹೊಳೆ ಏರಿದ ಊರಿನ ಮಕ್ಕಳನ್ನು ಆಕೆ ಎತ್ತರದ ಕಟ್ಟೆಯ ಮೇಲೆ ಸಾಲಾಗಿ ಕೂಡಿಸಿದಳು. ಅವರು ಅಂಜಬಾರದೆಂದು ಮಗ್ಗಿ ಹೇಳಿಸಿದಳು. ಆಟವನ್ನು ಮರೆತು ಹನ್ನೆರಡರ ಮಗ್ಗಿಯನ್ನು ಖರೆಖರೆ ಪೂರಾ ಹೇಳಿದಳು, ಎಲ್ಲಿಯೂ ತಪ್ಪಲಿಲ್ಲ. ಹುಡುಗಿಯರು ದಾಳ ಹಿಡಿದುಕೊಂಡು ಕೇಳಿದರು.

ಹೊಸ ಹಾಳೆಯ ಮೇಲ್ತುದಿಯಲ್ಲಿ ಅಕ್ಕ ಒಂದೊಂದೇ ಅಕ್ಷರ ಕೂಡಿಸಿ "ಕಮಲಾ" ಎಂದು ಬರೆದಳು. ಬರೆದು ಮುಗಿಸಿ ದಾಳವನ್ನು ನನ್ನ ಕಡೆ ತಳ್ಳಿದಳು.

"ಮೂರ ಸುತ್ತ ಆದ್ವು. ಇನ್ನ ನೀ ಆಡ."

"ಇನ್ನೊಂದ ಸುತ್ತ ನೀನ ಆಡಕ್ಕಾ."

"ನಿಯಮದಾಗ ಮೂರ ಐತಲ್ಲ?"

"ನಿಯಮ ಬರದಾಕಿ ನಾನ ಅಲ್ಲ?"

ಅಕ್ಕ ದಾಳ ತಿರುಗಿ ತೆಗೆದುಕೊಂಡು, ಹುಡುಗಿಯರ ಕಡೆ ತಿರುಗಿ, "ಕೈ ಕಟ್ಟಿ ನೆಟ್ಟಗ ಕೂಡ್ರಿ. ಹದಿಮೂರರ ಮಗ್ಗಿ ಯಾರಿಗೆ ಬರ್ತೈತಿ?" ಅಂದಳು.

ಆ ಖಾಲಿ ಜಾಗವನ್ನು ಹಾಗೇ ಬಿಡಲು ಹುಡುಗಿಯರು ಒಪ್ಪಿದ್ದಾರೆ.